ಹಾರ್ಟಿನ ಬ್ಲಾಕ್ ಕಿಡ್ನಿಗೂ ಆಗ್ತದೇನ್ರಿ?

ಹೈದರಾಬಾದಿನ ಪಂಜಾಗುಟ್ಟದಲ್ಲಿರುವ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು ಎಲ್ಲರೂ ‘ನಿಮ್ಸ್’ ಎಂದೇ ಕರೆಯುವುದು. ಅದರ ಹೊರರೋಗಿ ವಿಭಾಗದ ಸಾಲಿನಲ್ಲಿ ತೆಲುಗು, ಉರ್ದುವಿನ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಬೀದರಿನದು, ಕಲಬುರಗಿಯದು, ರಾಯಚೂರಿನದು. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ರಾಜ್ಯ ಬದಲಾಯಿತು, ಆಸ್ಪತ್ರೆಯ ದಾರಿ ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಏಳುನೂರು ಕಿಲೋಮೀಟರ್, ಹೈದರಾಬಾದಿಗೆ ನೂರನಲವತ್ತರ ಆಸುಪಾಸು. ಈಗ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ. ಆದರೂ ‘ದೊಡ್ಡ ಬ್ಯಾನಿ ಬಂದ್ರ ಹೈದ್ರಾಬಾದ್’ ಎಂಬ ಮಾತು ಆ ಸೀಮೆಯ ಮನೆಗಳಲ್ಲಿ ಇನ್ನೂ ಹಳತಾಗಿಲ್ಲ.

ಹೀಗೆ ಬರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಫೈಲುಗಳು. ಎದೆನೋವಿಗೆ ಹೃದಯದ ವೈದ್ಯರು ಕೊಟ್ಟದ್ದು ಒಂದು, ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ತೋರಿಸಿದಾಗ ರಕ್ತನಾಳದ ಸರ್ಜನ್ ಕೊಟ್ಟದ್ದು ಇನ್ನೊಂದು, ಶುಗರಿನದು ಮತ್ತೊಂದು. ಆಂಜಿಯೊಗ್ರಾಂ ಆಗಿ, ‘ಮೂರು ಬ್ಲಾಕ್ ಇವೆ’ ಎಂದು ಹೇಳಿಸಿಕೊಂಡು ಹೊರಬಂದ ಮನೆಯವರು ಕೇಳುವ ಪ್ರಶ್ನೆಗಳಲ್ಲಿ ಒಂದು ಬಹಳ ಸರಿಯಾದ ಪ್ರಶ್ನೆ: ‘ಹಾರ್ಟಿಗೆ ಆಗೋ ಬ್ಲಾಕ್ ಕಿಡ್ನಿಗೂ ಆಗ್ತದೇನ್ರಿ, ಸಾಹೇಬ್ರ?’

ಆಗುತ್ತದೆ. ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚಾಗಿಯೇ ಆಗುತ್ತದೆ. ಆದರೆ ಆದದ್ದೆಲ್ಲಕ್ಕೂ ಸ್ಟೆಂಟ್ ಹಾಕಬೇಕಾಗಿಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳಬೇಕು. ಮೊದಲನೆಯದನ್ನಷ್ಟೇ ಹೇಳಿದರೆ ಜನ ಗಾಬರಿಯಾಗಿ ದುಬಾರಿ ಸ್ಕ್ಯಾನಿಗೆ ಓಡುತ್ತಾರೆ. ಎರಡನೆಯದನ್ನಷ್ಟೇ ಹೇಳಿದರೆ ಕೈಗೆಟಕುವ ಒಂದು ಸಣ್ಣ ರಕ್ತಪರೀಕ್ಷೆಯನ್ನೂ ಮರೆತು ಕೂರುತ್ತಾರೆ.

ಒಂದೊಂದು ಮೂತ್ರಪಿಂಡದ ತೂಕ ನೂರೈವತ್ತು ಗ್ರಾಂ ಆಸುಪಾಸು. ಎರಡನ್ನೂ ಸೇರಿಸಿದರೆ ದೇಹದ ತೂಕದ ನೂರರಲ್ಲಿ ಅರ್ಧ ಪಾಲೂ ಆಗುವುದಿಲ್ಲ. ಆದರೆ ಹೃದಯ ಪ್ರತಿ ನಿಮಿಷ ಹೊರಚೆಲ್ಲುವ ಐದು ಲೀಟರ್ ರಕ್ತದಲ್ಲಿ ಐದನೇ ಒಂದು ಪಾಲು, ಅಂದರೆ ಲೀಟರಿನಷ್ಟು, ಈ ಎರಡು ಅಂಗಗಳಿಗೇ ಹೋಗುತ್ತದೆ. ಅವುಗಳ ಹಸಿವಿಗಾಗಿ ಅಲ್ಲ, ಸೋಸುವ ಕೆಲಸಕ್ಕಾಗಿ. ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಗೆ ಒರಗಿಕೊಂಡು ಹೊಟ್ಟೆಯೊಳಗೆ ಇಳಿಯುವಾಗ, ಸೊಂಟದ ಮೊದಲ ಎರಡು ಮೂಳೆಗಳ ಮಟ್ಟದಲ್ಲಿ ಎಡಕ್ಕೊಂದು ಬಲಕ್ಕೊಂದು ಕೊಳವೆ ಕವಲೊಡೆಯುತ್ತದೆ. ಐದಾರು ಮಿಲಿಮೀಟರ್ ಅಗಲದ ಇವೇ ಮೂತ್ರಪಿಂಡದ ಅಪಧಮನಿಗಳು.

ಕೊಬ್ಬು, ಉರಿಯೂತದ ಕೋಶಗಳು, ಸುಣ್ಣದಂಶ ಸೇರಿ ರಕ್ತನಾಳದ ಗೋಡೆಯೊಳಗೆ ಗಡ್ಡೆಗಟ್ಟುವ ಕಾಯಿಲೆಗೆ ಅಥೆರೋಸ್ಕ್ಲೆರೋಸಿಸ್ ಎಂದು ಹೆಸರು. ಅದು ಮೂತ್ರಪಿಂಡದ ನಾಳಕ್ಕೆ ಬರುವಾಗ ಸಾಮಾನ್ಯವಾಗಿ ನಡುವಿನಲ್ಲಿ ಬರುವುದಿಲ್ಲ. ಕವಲಿನ ಬಾಯಲ್ಲಿ, ಇಲ್ಲವೇ ಬಾಯಿಂದ ಒಂದೆರಡು ಸೆಂಟಿಮೀಟರ್ ಒಳಗೆ ಕೂರುತ್ತದೆ. ಕವಲಿನಲ್ಲಿ ರಕ್ತದ ಹರಿವು ಸುಳಿ ತಿರುಗುವುದು ಒಂದು ಕಾರಣ. ಮಹಾಪಧಮನಿಯ ಗೋಡೆಯಲ್ಲೇ ಬೆಳೆದ ಗಡ್ಡೆ ಕವಲಿನ ಬಾಯಿಗೆ ಚಾಚಿಕೊಳ್ಳುವುದು ಇನ್ನೊಂದು. ಅಂದಮೇಲೆ ಇದು ಮೂತ್ರಪಿಂಡದ ಕಾಯಿಲೆಯೇ ಅಲ್ಲ ಎನ್ನಬಹುದು. ಹೊಟ್ಟೆಯ ದೊಡ್ಡ ನಾಳದ ಕಾಯಿಲೆ ತನ್ನ ದಾರಿಯಲ್ಲಿ ಮೂತ್ರಪಿಂಡದ ಬಾಗಿಲನ್ನು ಕಿರಿದು ಮಾಡುತ್ತದೆ. ಅದೇ ಕಾಯಿಲೆ ಹೃದಯದ ನಾಳದಲ್ಲಿ ಎದೆನೋವಾಗುತ್ತದೆ, ಕತ್ತಿನ ನಾಳದಲ್ಲಿ ಲಕ್ವವಾಗುತ್ತದೆ, ಕಾಲಿನ ನಾಳದಲ್ಲಿ ನಡೆಯಲಾಗದ ನೋವಾಗುತ್ತದೆ. ಮೂತ್ರಪಿಂಡದಲ್ಲಿ ಮಾತ್ರ ಏನೂ ಆಗುವುದಿಲ್ಲ, ಅಂದರೆ ರೋಗಿಗೆ ಏನೂ ಅನ್ನಿಸುವುದಿಲ್ಲ. ನೋವಿಲ್ಲ, ಮೂತ್ರ ಕಟ್ಟುವುದಿಲ್ಲ, ಬಣ್ಣ ಬದಲಾಗುವುದಿಲ್ಲ.

ಹಾಗಾದರೆ ಎಷ್ಟು ಜನರಿಗೆ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಏಕೆಂದರೆ ಉತ್ತರ ನಾವು ಯಾರನ್ನು ನೋಡುತ್ತಿದ್ದೇವೆ ಎಂಬುದನ್ನೇ ಅವಲಂಬಿಸಿದೆ, ಮತ್ತು ಆರೋಗ್ಯದ ಸುದ್ದಿಗಳಲ್ಲಿ ಶೇಕಡಾವಾರು ಲೆಕ್ಕ ದಾರಿ ತಪ್ಪಿಸುವುದು ಹೆಚ್ಚಾಗಿ ಈ ಜಾಗದಲ್ಲೇ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಊರಿನಲ್ಲೇ ವಾಸವಾಗಿದ್ದ, 65 ದಾಟಿದ 834 ಹಿರಿಯರಿಗೆ ಡಾಪ್ಲರ್ ಸ್ಕ್ಯಾನ್ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಣನೀಯ ಕಿರಿದಾಗುವಿಕೆ ಕಂಡದ್ದು ಶೇ 6.8 ಜನರಲ್ಲಿ. ಇವರು ಆಸ್ಪತ್ರೆಗೆ ಬಂದವರಲ್ಲ, ಮನೆಯಲ್ಲಿದ್ದವರು. ಅದೇ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೃದಯದ ಆಂಜಿಯೊಗ್ರಾಂಗೆ ಬಂದ 1,302 ಜನರಿಗೆ ಆ ಹೊತ್ತಿನಲ್ಲೇ ಹೊಟ್ಟೆಯ ನಾಳಕ್ಕೂ ಬಣ್ಣ ಬಿಟ್ಟು ನೋಡಿದರು. ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ದದ್ದು ಶೇ 15 ಜನರಲ್ಲಿ. ಒಟ್ಟು ಜನರಲ್ಲಿ ಶೇ 11 ಮಂದಿಗೆ ಒಂದು ಕಡೆ, ಶೇ 4 ಮಂದಿಗೆ ಎರಡೂ ಕಡೆ. ಇದು 1992ರ ವರದಿ.

ಅದಕ್ಕೂ ಎರಡು ವರ್ಷ ಹಿಂದೆ, 1990ರಲ್ಲಿ, ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ವೈದ್ಯರು ಬೇರೆ ಕಡೆಯಿಂದ ಪ್ರಶ್ನೆ ಕೇಳಿದ್ದರು: ದೇಹದ ಇನ್ನಾವುದೋ ಭಾಗದಲ್ಲಿ ಅಥೆರೋಸ್ಕ್ಲೆರೋಸಿಸ್ ಇದ್ದೇ ಇರುವವರ ಮೂತ್ರಪಿಂಡದ ನಾಳ ಹೇಗಿರುತ್ತದೆ? 395 ಜನರ ಆಂಜಿಯೊಗ್ರಾಂ ನೋಡಿದಾಗ, ಹೊಟ್ಟೆಯ ಮಹಾಪಧಮನಿ ಉಬ್ಬಿಕೊಂಡವರಲ್ಲಿ ಶೇ 38, ಕಾಲಿನ ನಾಳ ಕಟ್ಟಿಕೊಂಡವರಲ್ಲಿ ಶೇ 39 ಮಂದಿಗೆ ಅರ್ಧಕ್ಕಿಂತ ಹೆಚ್ಚು ಕಿರಿದಾಗಿತ್ತು. ಐವರಲ್ಲಿ ಹತ್ತಿರ ಹತ್ತಿರ ಇಬ್ಬರು! ಇಂಥ ಅಧ್ಯಯನಗಳನ್ನು ಒಟ್ಟು ಹಾಕಿ ನೆದರ್ಲೆಂಡ್ಸಿನ ಇಬ್ಬರು ವೈದ್ಯರು 2009ರಲ್ಲಿ ಲೆಕ್ಕ ಮಾಡಿದರು. ನಲವತ್ತು ಅಧ್ಯಯನ, ಹದಿನೈದು ಸಾವಿರಕ್ಕೂ ಹೆಚ್ಚು ರೋಗಿಗಳು. ಹೃದಯದ ಆಂಜಿಯೊಗ್ರಾಂ ಮಾಡಿಸಿಕೊಂಡವರಲ್ಲಿ ಹತ್ತಕ್ಕೆ ಒಬ್ಬರು. ಅವರಿಗೆ ರಕ್ತದೊತ್ತಡವೂ ಇದ್ದರೆ ಶೇ 18ರ ಹತ್ತಿರ. ಕಾಲಿನ ನಾಳದ ಕಾಯಿಲೆ ಇದ್ದವರಲ್ಲಿ ನಾಲ್ವರಿಗೆ ಒಬ್ಬರು. ಹೊಟ್ಟೆಯ ಮಹಾಪಧಮನಿ ಉಬ್ಬಿದವರಲ್ಲಿ ಮೂವರಿಗೆ ಒಬ್ಬರು.

ಈ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಯಾವುದೋ ಒಂದು ಅಂಕಿ ಅಲ್ಲ, ಅಂಕಿ ಏರುವ ಕ್ರಮ. ಹೃದಯದ ರೋಗಿಗಿಂತ ಕಾಲಿನ ರೋಗಿಗೆ ಹೆಚ್ಚು, ಕಾಲಿಗಿಂತ ಹೊಟ್ಟೆಯ ಮಹಾಪಧಮನಿಯ ರೋಗಿಗೆ ಹೆಚ್ಚು. ಕಾಯಿಲೆ ಮೂತ್ರಪಿಂಡದ ಕವಲಿಗೆ ಹತ್ತಿರವಾದಷ್ಟೂ, ದೇಹದ ಹೆಚ್ಚು ಕಡೆಗಳಲ್ಲಿ ಹರಡಿದಷ್ಟೂ ಸಂಭವ ಹೆಚ್ಚು. ‘ನಡೆದರೆ ಕಾಲು ಹಿಡಿತದ, ನಿಂತರೆ ಬಿಡ್ತದ’ ಎನ್ನುವ ಅರವತ್ತೈದರ ಬೀಡಿ ಸೇದುವ ರೈತನನ್ನು ಕಂಡ ಕೂಡಲೇ ಅವನ ರಕ್ತದೊತ್ತಡ ಮತ್ತು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಬೇಕು ಎಂಬುದಕ್ಕೆ ಇದೇ ಆಧಾರ. ವಯಸ್ಸನ್ನು ತೋರಿಸಿಯೋ ವಾತವೆಂದೋ ಹೇಳಿ ನೋವಿನ ಮಾತ್ರೆ ಬರೆದು ಕಳಿಸುವುದು ಅವನಿಗೆ ಮಾಡುವ ಅನ್ಯಾಯ. ಆ ಮಾತ್ರೆಯ ವಿಷಯ ಮುಂದೆ ಬರುತ್ತದೆ.

ಈ ಅಂಕಿಗಳು ಬಹುಪಾಲು ಪಶ್ಚಿಮದ ವಯಸ್ಸಾದ ದೇಹಗಳದ್ದು ಎಂಬುದನ್ನೂ ನೆನಪಿಡಬೇಕು. ನಮ್ಮಲ್ಲಿ ಎರಡು ವ್ಯತ್ಯಾಸಗಳಿವೆ. ಒಂದು, ಹೃದಯದ ಕಾಯಿಲೆ ನಮಗೆ ಬೇಗ ಬರುತ್ತದೆ. ಐವತ್ತೆರಡು ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತದ ನಡುವಯಸ್ಸು 53. ಉಳಿದವರಿಗೆ 59ರ ಹತ್ತಿರ. ಎರಡು, ನಮ್ಮಲ್ಲಿ ಮೂತ್ರಪಿಂಡದ ನಾಳ ಕಿರಿದಾಗಲು ಕೊಬ್ಬಿನ ಗಡ್ಡೆಯೊಂದೇ ಕಾರಣವಲ್ಲ. ಹದಿನೆಂಟು, ಇಪ್ಪತ್ತೆರಡರ ಹುಡುಗಿಗೆ ಬಿಪಿ 180 ಇದ್ದು, ಒಂದು ಕೈಯಲ್ಲಿ ನಾಡಿಯೇ ಸಿಗದಿದ್ದರೆ ಅದು ಟಕಯಾಸು ಕಾಯಿಲೆ ಇರಬಹುದು. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು ವರದಿ ಮಾಡಿದ, ದೊಡ್ಡ ರಕ್ತನಾಳಗಳ ಗೋಡೆ ಉರಿಯೂತದಿಂದ ದಪ್ಪಗಾಗುವ ರೋಗ ಇದು. ಭಾರತದಲ್ಲಿ ಕಿರಿಯರ ಮೂತ್ರಪಿಂಡದ ನಾಳ ಕಿರಿದಾಗಲು ಇದೇ ದೊಡ್ಡ ಕಾರಣ. ಅದರ ಚಿಕಿತ್ಸೆಯೇ ಬೇರೆ: ಮೊದಲು ಉರಿಯೂತ ತಗ್ಗಿಸಬೇಕು, ಆಮೇಲೆ ಬಲೂನಿನ ಮಾತು. ಈ ಲೇಖನದಲ್ಲಿ ಹೇಳುತ್ತಿರುವುದು ಆ ಹುಡುಗಿಯ ಬಗ್ಗೆ ಅಲ್ಲ. ಆದರೆ ಚಿಕ್ಕ ವಯಸ್ಸಿನವರ ಬಿಪಿಯನ್ನು ‘ಟೆನ್ಷನ್’ ಎಂದು ತಳ್ಳಿಹಾಕುವ ಮನೆಗಳು ಇರುವವರೆಗೆ ಅವಳ ವಿಷಯ ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ನಾಳ ಕಿರಿದಾದರೆ ಬಿಪಿ ಯಾಕೆ ಏರಬೇಕು? ಇದನ್ನು ಕಂಡುಕೊಂಡ ಕಥೆಗೆ ನಲವತ್ತು ವರ್ಷ ಹಿಡಿಯಿತು. 1898ರಲ್ಲಿ ಸ್ಟಾಕ್‌ಹೋಮಿನ ರಾಬರ್ಟ್ ಟೈಗರ್‌ಸ್ಟೆಟ್ ಮತ್ತು ಅವರ ಶಿಷ್ಯ ಪೆರ್ ಬರ್ಗ್‌ಮನ್ ಮೊಲದ ಮೂತ್ರಪಿಂಡವನ್ನು ಅರೆದು ತೆಗೆದ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಸಾರದಲ್ಲಿದ್ದ ವಸ್ತುವಿಗೆ ‘ರೆನಿನ್’ ಎಂದು ಹೆಸರಿಟ್ಟರು. ಆಮೇಲೆ ಆ ಮಾತು ಬಹುತೇಕ ಮರೆತೇ ಹೋಯಿತು. ಕ್ಲೀವ್‌ಲ್ಯಾಂಡಿನ ಹ್ಯಾರಿ ಗೋಲ್ಡ್‌ಬ್ಲಾಟ್ ಶವಪರೀಕ್ಷೆ ಮಾಡುವ ವೈದ್ಯ. ರಕ್ತದೊತ್ತಡದಿಂದ ಸತ್ತವರ ಮೂತ್ರಪಿಂಡದ ನಾಳಗಳು ಕಿರಿದಾಗಿರುವುದನ್ನು ಅವರು ಮತ್ತೆ ಮತ್ತೆ ಕಂಡಿದ್ದರು. ಒತ್ತಡದಿಂದ ನಾಳ ಕಿರಿದಾಯಿತು ಎಂಬುದು ಆ ಕಾಲದ ನಂಬಿಕೆ. ತಿರುಗುಮುರುಗು ಇದ್ದರೆ? ನಾಯಿಗಳ ಮೂತ್ರಪಿಂಡದ ನಾಳಕ್ಕೆ ತಿರುಪಿನಿಂದ ಬಿಗಿಸಬಹುದಾದ ಸಣ್ಣ ಬೆಳ್ಳಿಯ ಹಿಡಿಕೆಯನ್ನು ಹಾಕಿ, ಪೂರ್ತಿ ಮುಚ್ಚದೆ, ಹರಿವನ್ನು ಸ್ವಲ್ಪ ಕಡಿಮೆ ಮಾಡಿದರು. ಎರಡೂ ಕಡೆ ಹಾಗೆ ಮಾಡಿದಾಗ ನಾಯಿಗಳ ರಕ್ತದೊತ್ತಡ ಏರಿತು, ಏರಿ ಹಾಗೆಯೇ ನಿಂತಿತು. 1934ರಲ್ಲಿ ಪ್ರಕಟವಾದ ಆ ಪ್ರಯೋಗದ ಬಳಿಕ ರೆನಿನ್ ಮತ್ತೆ ಬೆಳಕಿಗೆ ಬಂತು.

ರಾಯಚೂರು ಜಿಲ್ಲೆಯವರಿಗೆ ಇದನ್ನು ಬೇಗ ಅರ್ಥ ಮಾಡಿಸಬಹುದು. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ಬರದಿದ್ದರೆ ಅಲ್ಲಿನ ರೈತರು ಧರಣಿ ಕೂರುತ್ತಾರೆ, ಅಣೆಕಟ್ಟೆಯಿಂದ ಹೆಚ್ಚು ನೀರು ಬಿಡಿ ಎನ್ನುತ್ತಾರೆ. ಅಣೆಕಟ್ಟೆಯಲ್ಲಿ ನೀರು ಇಲ್ಲದ್ದಲ್ಲ, ನಡುದಾರಿಯಲ್ಲಿ ತಡೆಯಾದದ್ದು. ಹೆಚ್ಚು ಬಿಟ್ಟರೆ ಮೇಲ್ಭಾಗದ ಗದ್ದೆಗಳು ತುಂಬಿ ಹರಿಯುತ್ತವೆ, ಕೊನೆಗೆ ತಲುಪುವುದು ಅಷ್ಟಕ್ಕಷ್ಟೇ. ಕಿರಿದಾದ ನಾಳದ ಆಚೆ ಇರುವ ಮೂತ್ರಪಿಂಡಕ್ಕೂ ತನಗೆ ಬರುವ ಒತ್ತಡವಷ್ಟೇ ಗೊತ್ತು. ದೇಹದಲ್ಲೇ ರಕ್ತ ಕಡಿಮೆಯಾಗಿದೆ ಎಂದು ಅದು ರೆನಿನ್ ಬಿಡುತ್ತದೆ. ರೆನಿನ್‌ನಿಂದ ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕ ತಯಾರಾಗುತ್ತದೆ. ಅದು ದೇಹದುದ್ದಕ್ಕೂ ಸಣ್ಣ ನಾಳಗಳನ್ನು ಬಿಗಿಸುತ್ತದೆ, ಉಪ್ಪನ್ನೂ ನೀರನ್ನೂ ಹೊರಹೋಗದಂತೆ ಹಿಡಿಸುತ್ತದೆ. ಮೆದುಳು, ಹೃದಯ, ಕಣ್ಣು ಎಲ್ಲವೂ ಏರಿದ ಒತ್ತಡವನ್ನು ಹೊರಬೇಕಾಗುತ್ತದೆ.

ಒಂದೇ ಕಡೆ ಕಿರಿದಾಗಿದ್ದರೆ, ಇನ್ನೊಂದು ಮೂತ್ರಪಿಂಡ ಹೆಚ್ಚಾದ ಉಪ್ಪು, ನೀರನ್ನು ಹೊರಹಾಕಿ ಒಂದಿಷ್ಟು ಸರಿದೂಗಿಸುತ್ತದೆ. ಎರಡೂ ಕಡೆ ಕಿರಿದಾದರೆ ಆ ಬಾಗಿಲೂ ಇಲ್ಲ. ನೀರು ದೇಹದಲ್ಲೇ ನಿಂತು, ಒಂದು ರಾತ್ರಿ ಇದ್ದಕ್ಕಿದ್ದಂತೆ ಶ್ವಾಸಕೋಶ ತುಂಬಿಕೊಳ್ಳಬಹುದು. ಹೃದಯದ ಪಂಪು ಚೆನ್ನಾಗಿಯೇ ಇದೆ ಎಂದು ಎಕೊ ಹೇಳುತ್ತದೆ, ರೋಗಿಗೆ ಮಾತ್ರ ಕೂತರೂ ನಿಂತರೂ ಉಸಿರು ಸಿಗುವುದಿಲ್ಲ. ತಿಂಗಳೊಳಗೆ ಎರಡು ಸಲ ಹೀಗಾದರೆ ಮೂತ್ರಪಿಂಡದ ನಾಳ ನೋಡಲೇಬೇಕು.

ಕಾರಣ ಗೊತ್ತಾದ ಕೂಡಲೇ ಕತ್ತರಿ ಹಿಡಿಯುವ ಉತ್ಸಾಹ ವೈದ್ಯರಿಗೆ ಹೊಸದಲ್ಲ. ಗೋಲ್ಡ್‌ಬ್ಲಾಟ್ ಪ್ರಯೋಗದ ಬಳಿಕ ಒಂದು ಮೂತ್ರಪಿಂಡ ಸಣ್ಣದಾಗಿ ಕಂಡ ಬಿಪಿ ರೋಗಿಗಳ ಆ ಮೂತ್ರಪಿಂಡವನ್ನೇ ತೆಗೆದುಹಾಕುವ ಅಲೆ ಎದ್ದಿತು. 1956ರಲ್ಲಿ ಮೂತ್ರಪಿಂಡದ ಶರೀರಶಾಸ್ತ್ರಜ್ಞ ಹೋಮರ್ ಸ್ಮಿತ್ ಅಂಥ 575 ಶಸ್ತ್ರಚಿಕಿತ್ಸೆಗಳನ್ನು ಕಲೆಹಾಕಿ ನೋಡಿದರೆ, ಬಿಪಿ ನಿಜಕ್ಕೂ ಇಳಿದದ್ದು ಹೆಚ್ಚುಕಡಿಮೆ ಕಾಲು ಭಾಗದವರಿಗಷ್ಟೇ. ಉಳಿದವರು ಒಂದು ಅಂಗ ಕಳೆದುಕೊಂಡು ಅದೇ ಬಿಪಿಯೊಡನೆ ಮನೆಗೆ ಹೋಗಿದ್ದರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಹೃದಯದ ನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಮರುವರ್ಷವೇ ಮೂತ್ರಪಿಂಡದ ನಾಳಕ್ಕೂ ಅದೇ ಬಲೂನು. ಆಮೇಲೆ ಸ್ಟೆಂಟ್ ಬಂತು. ಪರದೆಯ ಮೇಲೆ ಕಿರಿದಾದ ನಾಳ ಕಣ್ಣೆದುರೇ ಅಗಲವಾಗುವುದನ್ನು ನೋಡುವಾಗ, ಇದರಿಂದ ರೋಗಿಗೆ ಉಪಕಾರವಾಗಿಲ್ಲ ಎಂದು ನಂಬುವುದು ಕಷ್ಟ. ಎಷ್ಟೋ ವರ್ಷ ಯಾರೂ ನಂಬಲೂ ಇಲ್ಲ.

ಕೊನೆಗೆ ಸರಿಯಾಗಿ ಎರಡು ಗುಂಪು ಮಾಡಿ ಹೋಲಿಸಿದರು. 2009ರಲ್ಲಿ ಬಂದ ‘ಆಸ್ಟ್ರಲ್’ ಅಧ್ಯಯನದಲ್ಲಿ 806 ರೋಗಿಗಳು, 2014ರ ‘ಕೋರಲ್’ ಅಧ್ಯಯನದಲ್ಲಿ 947. ಅರ್ಧ ಜನರಿಗೆ ಔಷಧದ ಜೊತೆ ಸ್ಟೆಂಟ್, ಅರ್ಧ ಜನರಿಗೆ ಔಷಧ ಮಾತ್ರ. ಕೋರಲ್‌ನಲ್ಲಿ ಮೂರೂವರೆ ವರ್ಷ ಹಿಂಬಾಲಿಸಿದ ಮೇಲೆ ಸಾವು, ಹೃದಯಾಘಾತ, ಲಕ್ವ, ಹೃದಯ ವೈಫಲ್ಯ, ಮೂತ್ರಪಿಂಡದ ಕುಸಿತ ಇವುಗಳಲ್ಲಿ ಒಂದಾದರೂ ಆದವರು ಸ್ಟೆಂಟ್ ಗುಂಪಿನಲ್ಲಿ ಶೇ 35.1, ಔಷಧದ ಗುಂಪಿನಲ್ಲಿ ಶೇ 35.8. ವ್ಯತ್ಯಾಸವೇ ಇಲ್ಲ. ಕಾರಣ ಊಹಿಸಬಹುದು. ನಾಳದ ಆಚೆ ವರ್ಷಗಟ್ಟಲೆ ಬಿಪಿ, ಶುಗರ್, ವಯಸ್ಸು ಸೇರಿ ಮೂತ್ರಪಿಂಡದ ಒಳಗಿನ ಸೂಕ್ಷ್ಮ ನಾಳಗಳನ್ನು ಹಾಳುಮಾಡಿರುತ್ತವೆ. ಬಾಗಿಲು ಅಗಲ ಮಾಡಿದರೆ ಒಳಮನೆ ಸರಿಯಾಗುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ನೀರು ತುಂಬಿ ಉಸಿರು ಕಟ್ಟುವವರು, ಔಷಧಕ್ಕೆ ಜಗ್ಗದ ಬಿಪಿಯವರು, ವಾರಗಳಲ್ಲಿ ಕಿಡ್ನಿ ಕುಸಿಯುತ್ತಿರುವವರು, ಅಂದರೆ ಸ್ಟೆಂಟ್ ಖಂಡಿತ ಬೇಕು ಎಂದು ವೈದ್ಯರಿಗೆ ಅನ್ನಿಸಿದವರು ಈ ಅಧ್ಯಯನಗಳಿಗೆ ಹೆಚ್ಚಾಗಿ ಸೇರಿರಲಿಲ್ಲ. ಆ ಕೆಲವರಿಗೆ ಇಂದಿಗೂ ಸ್ಟೆಂಟ್ ಜೀವ ಉಳಿಸುತ್ತದೆ. ಉಳಿದ ಬಹುಮಂದಿಗೆ ಸ್ಟ್ಯಾಟಿನ್ ಮಾತ್ರೆ, ಬಿಪಿಯ ಹಿಡಿತ, ಶುಗರಿನ ಹಿಡಿತ, ಬೀಡಿ ಸಿಗರೇಟು ಬಿಡುವುದು, ವೈದ್ಯರು ಬರೆದಿದ್ದರೆ ಆಸ್ಪಿರಿನ್, ಇಷ್ಟೇ ಚಿಕಿತ್ಸೆ. ಇವನ್ನೇ ಹೃದಯದ ವೈದ್ಯರೂ ಹೇಳಿರುತ್ತಾರೆ. ಕಾಯಿಲೆ ಒಂದೇ ಆದ್ದರಿಂದ ಔಷಧವೂ ಒಂದೇ.

ಇನ್ನು ಔಷಧದೊಳಗಿನ ಎಚ್ಚರ. ಬ್ರೆಜಿಲ್‌ನ ಜರರಾಕ ಎಂಬ ಮಂಡಲ ಜಾತಿಯ ಹಾವು ಕಚ್ಚಿದರೆ ಬಿಪಿ ದಿಢೀರನೆ ಕುಸಿಯುತ್ತದೆ. ಅದರ ವಿಷದಲ್ಲಿರುವ ಅಂಶವನ್ನು 1960ರ ದಶಕದಲ್ಲಿ ಅಲ್ಲಿನ ಸೆರ್ಜಿಯೊ ಫೆರೇರ ಬೇರ್ಪಡಿಸಿದರು. ಆ ಜಾಡಿನಲ್ಲಿ ತಯಾರಾದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದರ ವಂಶದವೇ ಎನಲಾಪ್ರಿಲ್, ರಾಮಿಪ್ರಿಲ್. ಇವು ತಡೆಯುವ ರೆನಿನ್-ಆಂಜಿಯೊಟೆನ್ಸಿನ್ ಸರಪಳಿಯನ್ನೇ ಇನ್ನೊಂದು ಕೊಂಡಿಯಲ್ಲಿ ತಡೆಯುವವು ಲೊಸಾರ್ಟನ್, ಟೆಲ್ಮಿಸಾರ್ಟನ್. ಬಿಪಿ, ಹೃದಯ, ಶುಗರಿನವರ ಕಿಡ್ನಿ, ಮೂರಕ್ಕೂ ಇವು ಬಹಳ ಒಳ್ಳೆಯ ಔಷಧಗಳು. ಆಂಜಿಯೊಗ್ರಾಂ ಆಗಿ ಹೊರಟ ರೋಗಿಯ ಚೀಟಿಯಲ್ಲಿ ಇವುಗಳಲ್ಲಿ ಒಂದು ಇಲ್ಲದಿರುವುದೇ ಅಪರೂಪ.

ಎರಡೂ ಕಡೆ ನಾಳ ಕಿರಿದಾದವರಲ್ಲಿ ಅಥವಾ ಇರುವ ಒಂದೇ ಮೂತ್ರಪಿಂಡದ ನಾಳ ಕಿರಿದಾದವರಲ್ಲಿ ಮಾತ್ರ ಇವು ಎಡವಟ್ಟು ಮಾಡಬಲ್ಲವು. ಒಳಗೆ ಬರುವ ರಕ್ತ ಕಡಿಮೆಯಾದಾಗ, ಸೋಸುವ ಜಾಲರಿಯಿಂದ ಹೊರಹೋಗುವ ನಾಳವನ್ನು ಬಿಗಿಹಿಡಿದು ಒತ್ತಡ ಉಳಿಸುವುದು ಆಂಜಿಯೊಟೆನ್ಸಿನ್‌ನ ಕೆಲಸ. ಔಷಧ ಆ ಬಿಗಿಯನ್ನು ಸಡಿಲಿಸಿದರೆ ಸೋಸುವಿಕೆಯೇ ಕುಸಿಯುತ್ತದೆ, ಕ್ರಿಯಾಟಿನಿನ್ ಏರುತ್ತದೆ, ಪೊಟ್ಯಾಶಿಯಂ ಏರುತ್ತದೆ. ಇದನ್ನು 1980ರ ದಶಕದ ಆರಂಭದಲ್ಲೇ ವೈದ್ಯರು ಗುರುತಿಸಿದರು. ಬೇಗ ಗೊತ್ತಾದರೆ, ಔಷಧ ನಿಲ್ಲಿಸಿದ ಮೇಲೆ ಹೆಚ್ಚಿನವರ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಬೇಗ ಗೊತ್ತಾಗಬೇಕು, ಅಷ್ಟೇ. ಅದಕ್ಕೇ ಈ ಜಾತಿಯ ಮಾತ್ರೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಒಂದೆರಡು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ಪರೀಕ್ಷೆ ಆಗಲೇಬೇಕು. ಕ್ರಿಯಾಟಿನಿನ್ ಮೊದಲಿಗಿಂತ ಶೇ 30ಕ್ಕೂ ಹೆಚ್ಚು ಏರಿದ್ದರೆ ವೈದ್ಯರು ಮೂತ್ರಪಿಂಡದ ನಾಳವನ್ನು ನೆನಪಿಸಿಕೊಳ್ಳಬೇಕು. ಸ್ವಲ್ಪ ಏರಿದರೆ ಹೆದರಬೇಕಾಗಿಲ್ಲ. ತಾವಾಗಿಯೇ ಮಾತ್ರೆ ಬಿಡುವುದಂತೂ ಬೇಡವೇ ಬೇಡ.

ಹೈದರಾಬಾದಿಗೆ ದೂರದಿಂದ ಬರುವವರ ವಿಷಯದಲ್ಲಿ ನನ್ನ ಕಳವಳ ಇಲ್ಲೇ ಇರುವುದು. ಆಂಜಿಯೊಗ್ರಾಂ ಮಹಾನಗರದಲ್ಲಿ ಆಗುತ್ತದೆ, ಚೀಟಿ ಅಲ್ಲಿ ಬರೆಯಲಾಗುತ್ತದೆ, ‘ಮೂರು ತಿಂಗಳು ಬಿಟ್ಟು ಬನ್ನಿ’ ಎನ್ನುತ್ತಾರೆ. ಆ ಮೂರು ತಿಂಗಳ ಎರಡನೇ ವಾರದ ರಕ್ತಪರೀಕ್ಷೆ ಯಾರ ಪಾಲಿಗೂ ಸೇರದೆ ಉಳಿಯುತ್ತದೆ. ಆಳಂದದಿಂದಲೋ ಸಿಂಧನೂರಿನಿಂದಲೋ ಅದೊಂದಕ್ಕಾಗಿ ಮತ್ತೆ ಬಸ್ಸು ಹತ್ತುವುದು ಯಾರಿಗೂ ಆಗದ ಮಾತು. ನಡುವೆ ಬೇಸಿಗೆ. ಬಿಸಿಲು 40 ಡಿಗ್ರಿ ದಾಟುತ್ತದೆ, ವಾಂತಿಭೇದಿ ಆಗುತ್ತದೆ, ಮೈಯಲ್ಲಿ ನೀರು ಆರುತ್ತದೆ. ಬಿಪಿ ಮಾತ್ರೆ ನಡೆದೇ ಇರುತ್ತದೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೊಫೆನಾಕ್ ಇನ್ನೊಂದು ಕಡೆ. ಈ ಮೂರು ಔಷಧಗಳು ಒಟ್ಟಾದರೆ ಒಳ್ಳೆಯ ಕಿಡ್ನಿಗೂ ಪೆಟ್ಟು ಬೀಳಬಹುದು; ನಾಳ ಕಿರಿದಾದ ಕಿಡ್ನಿಗೆ ತಪ್ಪಿದ್ದಲ್ಲ. ಆಮೇಲೆ ಕ್ರಿಯಾಟಿನಿನ್ ನಾಲ್ಕೈದಕ್ಕೆ ಏರಿದ ಮೇಲೆ ‘ಶುಗರಿಂದ ಕಿಡ್ನಿ ಹೋಯ್ತು’ ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ಶುಗರ್ ಇರುವವರಲ್ಲಿ ನಾಳದ ಕಾರಣವನ್ನು ಹುಡುಕದೆ ಬಿಡುವುದು ಬಹಳ ಸುಲಭ.

ಹಾಗಾದರೆ ಯಾರಿಗೆ ಹುಡುಕಬೇಕು? ಎಲ್ಲರಿಗೂ ಅಲ್ಲ. ಐವತ್ತೈದರ ಬಳಿಕ ಹೊಸದಾಗಿ ಜೋರಾದ ಬಿಪಿ ಬಂದರೆ, ವರ್ಷಗಟ್ಟಲೆ ಹಿಡಿತದಲ್ಲಿದ್ದ ಬಿಪಿ ಒಮ್ಮೆಗೇ ಹದ ತಪ್ಪಿದರೆ, ಮೂರು ಮಾತ್ರೆ ಸರಿಯಾಗಿ ನುಂಗಿದರೂ ಇಳಿಯದಿದ್ದರೆ, ಸ್ಕ್ಯಾನಿನಲ್ಲಿ ಒಂದು ಕಿಡ್ನಿ ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಚಿಕ್ಕದಾಗಿದ್ದರೆ, ಹೊಕ್ಕುಳ ಪಕ್ಕದಲ್ಲಿ ಸ್ಟೆತೊಸ್ಕೋಪ್ ಇಟ್ಟಾಗ ಸರ್ ಸರ್ ಸದ್ದು ಕೇಳಿದರೆ ಹುಡುಕಬೇಕು. ಮೇಲೆ ಹೇಳಿದ ಉಸಿರಿನ ಕಾಟ, ಔಷಧದ ಬಳಿಕ ಏರಿದ ಕ್ರಿಯಾಟಿನಿನ್ ಕೂಡ ಈ ಪಟ್ಟಿಗೆ ಸೇರುತ್ತವೆ. ಮೊದಲ ಪರೀಕ್ಷೆ ಡಾಪ್ಲರ್ ಅಲ್ಟ್ರಾಸೌಂಡ್. ಬಣ್ಣ ಚುಚ್ಚುವುದಿಲ್ಲ, ವಿಕಿರಣವಿಲ್ಲ. ಆದರೆ ಹೊಟ್ಟೆಯ ಗಾಳಿ, ಬೊಜ್ಜು ಅಡ್ಡ ಬರುತ್ತವೆ, ಮಾಡುವವರ ಕೈ ಪಳಗಿರಬೇಕು. ಸಿ.ಟಿ. ಆಂಜಿಯೊಗ್ರಾಂ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಅದರ ಬಣ್ಣವೇ ಸೋತ ಕಿಡ್ನಿಗೆ ಹೊರೆ. ಎಂ.ಆರ್. ಆಂಜಿಯೊಗ್ರಾಂಗೂ ಅದರದೇ ಮಿತಿಗಳಿವೆ.

ಹೃದಯದ ಆಂಜಿಯೊಗ್ರಾಂ ಮಾಡುವಾಗಲೇ ಕಿಡ್ನಿಯನ್ನೂ ನೋಡಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ತೊಡೆಯ ನಾಳದಿಂದ ತಂತಿ ಹಾಕುತ್ತಿದ್ದ ಕಾಲದಲ್ಲಿ ಅದು ಹೊಟ್ಟೆಯ ಮಹಾಪಧಮನಿಯ ಮೂಲಕವೇ ಹೃದಯಕ್ಕೆ ಹೋಗುತ್ತಿತ್ತು, ಹೋಗುವ ದಾರಿಯಲ್ಲಿ ಒಂದಿಷ್ಟು ಬಣ್ಣ ಬಿಟ್ಟು ನೋಡುವುದು ಕೆಲವೆಡೆ ರೂಢಿಯೂ ಆಗಿತ್ತು. ಈಗ ಹೆಚ್ಚಿನ ಕಡೆ ಮಣಿಕಟ್ಟಿನಿಂದ ಮಾಡುತ್ತಾರೆ. ತಂತಿ ತೋಳಿನಿಂದ ನೇರ ಎದೆಗೆ ಹೋಗುತ್ತದೆ, ಹೊಟ್ಟೆಯ ಕಡೆ ಇಳಿಯುವುದೇ ಇಲ್ಲ. ‘ಆಂಜಿಯೊಗ್ರಾಂ ಆಗಿದೆ, ಎಲ್ಲ ನೋಡಿದ್ದಾರೆ’ ಎಂದು ಮನೆಯವರು ತಿಳಿದಿದ್ದರೆ ಅದು ಹೃದಯದ ಮಟ್ಟಿಗೆ ಮಾತ್ರ ನಿಜ. ಹಾಗೆಂದು ಎಲ್ಲರಿಗೂ ಕಿಡ್ನಿಯನ್ನೂ ನೋಡಿ ಎಂದು ಒತ್ತಾಯಿಸುವುದು ಸರಿಯಲ್ಲ ಎಂಬುದು ಕೋರಲ್ ಓದಿದ ಮೇಲೆ ನನ್ನ ಖಚಿತ ಅಭಿಪ್ರಾಯ. ಹತ್ತಕ್ಕೆ ಒಬ್ಬರಲ್ಲಿ ಕಿರಿದಾದ ನಾಳ ಸಿಗುತ್ತದೆ. ಸಿಕ್ಕಿದ ಮೇಲೆ ಸುಮ್ಮನಿರುವುದು ವೈದ್ಯರಿಗೂ ಕಷ್ಟ, ಮನೆಯವರಿಗೂ ಕಷ್ಟ. ಬೇಡದ ಸ್ಟೆಂಟಿಗೆ ಹೊಲ ಅಡ ಇಡುವ ಕುಟುಂಬಗಳು ನಮ್ಮಲ್ಲಿವೆ.

ಆದ್ದರಿಂದ ಹೈದರಾಬಾದಿನಿಂದ ಬಿಡುಗಡೆಯಾಗಿ ಹೊರಡುವ ಮುನ್ನ ಇಷ್ಟು ಕೇಳಿ. ಇವತ್ತಿನ ಕ್ರಿಯಾಟಿನಿನ್ ಎಷ್ಟು, ಅದನ್ನು ಬಿಡುಗಡೆಯ ಚೀಟಿಯಲ್ಲಿ ಬರೆದಿದ್ದೀರಾ? ಹೊಸ ಬಿಪಿ ಮಾತ್ರೆ ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟನ್’ ಇದೆಯೇ, ಇದ್ದರೆ ಮರುಪರೀಕ್ಷೆ ಯಾವ ದಿನ? ವಾಂತಿಭೇದಿ ಆದರೆ ಯಾವ ಮಾತ್ರೆ ಎರಡು ದಿನ ನಿಲ್ಲಿಸಬೇಕು? ನೋವಿಗೆ ಯಾವ ಮಾತ್ರೆ ನುಂಗಬಹುದು? ಕ್ರಿಯಾಟಿನಿನ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಹೃದಯ, ಕಾಲು, ಶುಗರ್, ಮೂರೂ ಫೈಲನ್ನು ಒಬ್ಬರೇ ವೈದ್ಯರ ಮೇಜಿನ ಮೇಲೆ ಒಟ್ಟಿಗೆ ಇಡಿ, ನಿಮ್ಮೂರಿನ ಎಂಬಿಬಿಎಸ್ ವೈದ್ಯರಾದರೂ ಸರಿ. ಹಳೆಯ ಕ್ರಿಯಾಟಿನಿನ್ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿ, ಏರಿದ್ದರೆ ಹೈದರಾಬಾದಿಗೆ ಫೋನ್ ಮಾಡುವವರು ಅವರೇ ಆಗಬೇಕು. ಯಾವ ನಂಬರಿಗೆ ಮಾಡಬೇಕು ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಂಡೇ ಬಸ್ಸು ಹತ್ತಿ.